ಚಕ್ರದ ಗುಂಡಿ

ನಾರಿನ ಕಾರ್ಖಾನೆಯ ಗೋಡೆಯ ಮೇಲೆ ಹೊಸದಾಗಿ ಇತಿಹಾಸ ಬರೆಸಿದ್ದರು. ಹಳದಿ ಬಣ್ಣ ಬಳಿದು ಅದರ ಮೇಲೆ ಕಂದು ಅಕ್ಷರ. ಸುಂಕದಪೇಟೆಯ ಬಚ್ಚಪ್ಪನವರು ನೂರು ವರ್ಷದ ಹಿಂದೆ ಕೆರೆಯ ನೀರಿನಿಂದ ಚಕ್ರ ತಿರುಗಿಸಿದರು, ಕತ್ತಾಳೆ ನಾರು ತೆಗೆದರು, ಹಗ್ಗ ಹೊಸೆದು ಕೋಲಾರದ ಚಿನ್ನದ ಗಣಿಗಳಿಗೆ ಕಳಿಸಿದರು ಎಂದಿತ್ತು. ಚಕ್ರ ಹದಿನಾಲ್ಕು ಅಡಿ ಎತ್ತರ ಎಂದಿತ್ತು. ತೇಗದ ಮರ ಯಾವ ಕಾಡಿನಿಂದ ಬಂತು, ಕಬ್ಬಿಣದ ಅಚ್ಚನ್ನು ಎಲ್ಲಿ ಎರಕ ಹೊಯ್ದರು, ಯಾವ ದೊರೆ ಕುದುರೆಯ ಮೇಲೆ ಬಂದು ನೋಡಿ ಹೊಗಳಿದ, ಎಲ್ಲ ಇತ್ತು. ಚಕ್ರದ ಗುಂಡಿಗೆ ಇಳಿದವರ ಹೆಸರು ಒಂದೂ ಇರಲಿಲ್ಲ.

ಮುನಿಲಕ್ಷ್ಮಿ ಏಳನೇ ಕ್ಲಾಸು ಓದಿದವಳು. ಎರಡು ಸಲ ಓದಿದಳು.

"ಮರದ ಎಸ್ರೈತೆ, ನಮ್ದಿಲ್ಲ ನೋಡ್ಲಾ" ಎಂದಳು ತಮ್ಮ ವೇಣುವಿಗೆ.

ವೇಣು ನಕ್ಕ. "ಮರಾನ ದುಡ್ಡು ಕೊಟ್ಟು ತಂದಿದ್ರಲ್ಲಕ್ಕ. ನಮ್ಮುನ್ನ ಪುಕ್ಸಟ್ಟೆ ತಂದಿದ್ದು."

ಗೋಡೆಯ ಮೇಲಿಲ್ಲದ ಇತಿಹಾಸ ಕೇರಿಯಲ್ಲಿದೆ. ಬಚ್ಚಪ್ಪ ಕಾರ್ಖಾನೆ ಕಟ್ಟುವ ಹೊತ್ತಿಗೆ ಗಣಿಗೆ ಕರೆಂಟು ಬಂದು ಇಪ್ಪತ್ತು ವರ್ಷವಾಗಿತ್ತು. ತಂತಿ ಸುಂಕದಪೇಟೆಯ ತಲೆಯ ಮೇಲೆಯೇ ಹೋಗುತ್ತಿತ್ತು, ಊರಿಗೆ ಇಳಿಯಲಿಲ್ಲ. ಬಚ್ಚಪ್ಪ ಕೆರೆಯ ಕಡೆ ನೋಡಿದ. ಕಟ್ಟೆಯ ಕೆಳಗೆ ಕಲ್ಲಿನ ಸುರಂಗ ಕಟ್ಟಿಸಿ ತೂಬಿನ ನೀರನ್ನು ಒಂದು ಗೇಟಿನವರೆಗೆ ತಂದ. ಗೇಟು ಎತ್ತಿದರೆ ನೀರು ಆಳದ ಗುಂಡಿಗೆ ಧುಮುಕಿ ಚಕ್ರ ತಿರುಗುತ್ತಿತ್ತು. ಚಕ್ರದ ಅಚ್ಚಿಗೆ ಹನ್ನೆರಡು ಒನಕೆ ಕಟ್ಟಿದ್ದರು. ಅವು ಎದ್ದು ಬಿದ್ದು ಕತ್ತಾಳೆ ಪಟ್ಟೆಗಳನ್ನು ಜಜ್ಜುತ್ತಿದ್ದವು. ಪಟ್ಟೆಯನ್ನು ಒನಕೆಯ ಕೆಳಗೆ ತಳ್ಳುವುದು ಕೇರಿಯ ಹೆಂಗಸರ ಕೆಲಸ. ಕತ್ತಾಳೆ ರಸ ಬಿದ್ದಲ್ಲೆಲ್ಲ ಕಡಿತ, ಗುಳ್ಳೆ, ಕೀವು. ರಾತ್ರಿ ಕೈಯನ್ನು ಬೂದಿಯಲ್ಲಿ ಹೂತು ಮಲಗುತ್ತಿದ್ದರು. ಬೆಳಿಗ್ಗೆ ಅದೇ ಕೈ ಮತ್ತೆ ಒನಕೆಯ ಕೆಳಗೆ.

ಮುನಿಲಕ್ಷ್ಮಿಯ ಎಡಗೈಯ ಎರಡು ಬೆರಳಿಗೆ ತುದಿಯಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಒನಕೆ ತೆಗೆದುಕೊಂಡಿತು. ಮೇಸ್ತ್ರಿ ಸುಣ್ಣ ಹಚ್ಚಿ ಬಟ್ಟೆ ಸುತ್ತಿ, "ಬಲಗೈ ಐತಲ್ಲಮ್ಮಿ" ಎಂದಿದ್ದ. ಆ ಮಾತು ಅವಳಿಗೆ ಮೂವತ್ತು ವರ್ಷದಿಂದ ಉರಿಯುತ್ತಲೇ ಇದೆ.

ಅವಳ ಮನೆತನದ ಗಂಡಸರು ನೀರಗಂಟಿಗಳು. ಕೆರೆಯ ನೀರು ಬಿಡುವವರು, ಕಟ್ಟುವವರು. ಊರವರು ಕುಡಿಯುವ ನೀರನ್ನು ಅವರು ಮುಟ್ಟುವಂತಿರಲಿಲ್ಲ, ಆದರೆ ತೂಬಿನೊಳಗೆ ಮುಳುಗಿ ಹೂಳು ಕೀಳಲು ಅವರೇ ಬೇಕು. ಚಕ್ರದ ಗುಂಡಿಗೂ ಅವರೇ. ಕೊಂಬೆಯೋ ಕಲ್ಲೋ ಸಿಕ್ಕಿಕೊಂಡು ಚಕ್ರ ನಿಂತರೆ ಗೇಟು ಮುಚ್ಚಿ ನೀರಗಂಟಿಯನ್ನು ಇಳಿಸುತ್ತಿದ್ದರು. ಒಂದು ಸಲ ಮುನಿಲಕ್ಷ್ಮಿಯ ಮುತ್ತಾತ ಇನ್ನೂ ಕೆಳಗಿದ್ದ, ಗಣಿಯಿಂದ ಹಗ್ಗಕ್ಕೆ ಅವಸರ ಬಂದಿತ್ತು, ಬಚ್ಚಪ್ಪ ಗೇಟು ಎತ್ತಿಸಿದ. ಮುತ್ತಾತ ಚೂರಾದ. ಅವನ ಹೆಂಡತಿ ಮಾರಿಯಮ್ಮ ಇಬ್ಬರು ಮಕ್ಕಳ ಜೊತೆ ಇಳಿದು ಗಂಡನನ್ನು ಕುಕ್ಕೆಯಲ್ಲಿ ತುಂಬಿ ತಂದಳು. ಚಕ್ರ ತೊಳೆದುಕೊಡು ಎಂದರು. ಅದನ್ನೂ ತೊಳೆದಳು. ಸಂಜೆಗೆ ಒನಕೆಗಳು ಮತ್ತೆ ಎದ್ದು ಬೀಳುತ್ತಿದ್ದವು.

ಆಮೇಲೆ ಮಾರಿಯಮ್ಮ ಒಂದು ಕಟ್ಟಳೆ ಮಾಡಿದಳು. ಗುಂಡಿಗೆ ಇಳಿಯುವವನು ತನ್ನ ತಲೆಯ ಟವೆಲ್ಲನ್ನು ಗೇಟು ಎತ್ತುವ ತಿರುಪಿಗೆ ಕಟ್ಟಬೇಕು. ಟವೆಲ್ ಇರುವಾಗ ಯಾರೂ ತಿರುಪು ಮುಟ್ಟಬಾರದು. ಇಳಿದವನೇ ಹತ್ತಿ ಬಂದು ಬಿಚ್ಚಬೇಕು, ಅಲ್ಲಿಯ ತನಕ ಅವನ ರಕ್ತಸಂಬಂಧದ ಒಬ್ಬರು ಅಲ್ಲೇ ಕಾಯಬೇಕು. ಆ ಕಾರ್ಖಾನೆಯೊಳಗೆ ಕೇರಿಯ ಮಾತು ನಡೆದದ್ದು ಅದೊಂದೇ. ಊರಿನ ಪುಟ್ಟ ಮಕ್ಕಳಿಗೂ ಅದು ಗೊತ್ತಿತ್ತು.

ನೈಲಾನ್ ಬಂತು, ಕೆರೆ ಬತ್ತಿತು, ಕಾರ್ಖಾನೆಗೆ ಬೀಗ ಬಿತ್ತು. ಅದರ ಹಿಂದೆಯೇ ಗಣಿಯೂ ಮುಚ್ಚಿತು. ಮುನಿಲಕ್ಷ್ಮಿ ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲ ಒರೆಸಲು ಹೋದಳು. ಗಂಡ ಬಿಟ್ಟುಹೋದ ಮೇಲೆ ಅಪ್ಪನ ಮನೆಯಲ್ಲೇ ಇದ್ದು ತಮ್ಮನನ್ನು ಸಾಕಿ ಮದುವೆ ಮಾಡಿದಳು. ವೇಣು ಗೋಡೆಗೆ ಬಣ್ಣ ಹೊಡೆಯುವ ಕೆಲಸ ಕಲಿತ. ಅವನ ಹೆಂಡತಿ ವನಿತಾ ಡೇರಿಗೆ ಹಾಲು ಹಾಕುತ್ತಿದ್ದಳು. ನೀರಗಂಟಿ ಕೆಲಸ ಅಪ್ಪ ಮುನಿನಾರಾಯಣಪ್ಪನಿಗೇ ಮುಗಿಯಿತೆಂದು ಅಕ್ಕ ತಮ್ಮ ಇಬ್ಬರಿಗೂ ನೆಮ್ಮದಿಯಾಗಿತ್ತು.

ಮೊನ್ನೆ ಮೊನ್ನೆ ಎರಡು ವರ್ಷ ಬಿಡದೆ ಮಳೆಯಾಗಿ ಕೆರೆ ಕೋಡಿ ಬಿತ್ತು. ಬಚ್ಚಪ್ಪನ ಮೊಮ್ಮಗ ಗೋಪಿ ಬೆಂಗಳೂರಿನಲ್ಲಿ ಸೈಟು ಮಾರಿಕೊಂಡಿದ್ದವನು ಊರಿಗೆ ಬಂದು ಬೀಗ ತೆಗೆಸಿದ. ಕಾರ್ಖಾನೆಯನ್ನು ರೆಸಾರ್ಟು ಮಾಡುತ್ತಾನಂತೆ. ಬೆಂಗಳೂರಿನವರು ಶನಿವಾರ ಭಾನುವಾರ ಬಂದು, ಚಕ್ರ ತಿರುಗುವುದನ್ನು ನೋಡುತ್ತಾ ಕಾಫಿ ಕುಡಿಯುತ್ತಾರಂತೆ. ನೂರನೇ ವರ್ಷದ ಸಮಾರಂಭಕ್ಕೆ ಚಕ್ರ ತಿರುಗಲೇಬೇಕು. ಗುಂಡಿಯಲ್ಲಿ ಆಳುದ್ದ ಹೂಳಿತ್ತು.

"ಲೇ ವೇಣು, ಜೇಸಿಬಿ ಒಳಗ್ ಓಗಲ್ಲ ಕಣ್ಲಾ. ನೀನೇ ಇಳೀಬೇಕು" ಎಂದ ಗೋಪಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರಿಗೆ. "ನಿಮ್ ತಾತ ಮುತ್ತಾತ ಎಲ್ಲಾ ಇಳಿದೋರೇ."

"ಅವ್ರು ಇಳಿದ್ರು ಗೋಪಣ್ಣ. ನಾನು ಪೇಂಟಿಂಗ್ ಮಾಡ್ತೀನಿ."

ಗೋಪಿಯ ಡ್ರೈವರು ಕಾಲಿನ ಚಪ್ಪಲಿ ತೆಗೆದು ಬಾಯಿಯ ಮೇಲೆ ಹೊಡೆದ. ತುಟಿ ಸೀಳಿತು. ಬಸ್ಸು ಕಾಯುತ್ತಿದ್ದವರು ರಸ್ತೆಯ ಕಡೆ ನೋಡಿದರು. ಮಾರನೇ ದಿನ ಕೇರಿಯ ದಾರಿಗೆ ಅಡ್ಡಲಾಗಿ ಕಲ್ಲು ಕಂಬ ನೆಡಿಸಿದರು. ಆ ದಾರಿ ಕಾರ್ಖಾನೆಯ ಜಾಗವಂತೆ. ಐವತ್ತು ಮನೆಯವರು ಗದ್ದೆಯ ಕೆಸರಿನಲ್ಲಿ ಸುತ್ತಿಕೊಂಡು ಓಡಾಡಿದರು. ಬಸುರಿಯೊಬ್ಬಳು ಜಾರಿ ಬಿದ್ದಳು.

"ಬ್ಯಾಡ ಕಣ್ಲಾ, ನಾನು ಡೀಸಿ ಆಫೀಸ್ಗೆ ಓಗ್ತೀನಿ" ಎಂದಳು ಮುನಿಲಕ್ಷ್ಮಿ.

"ನಾಕ್ ದಿನದ ಕೆಲ್ಸ ಅಕ್ಕ. ಮಾಡಿ ಬಿಸಾಕ್ತೀನಿ. ಕಂಬ ಕೀಳ್ತಾನಂತೆ."

ಮೂರು ದಿನ ವೇಣು ಗುಂಡಿಯಲ್ಲಿ ನಿಂತು ಹೂಳೆತ್ತಿದ. ಕೊಳೆತ ಕತ್ತಾಳೆ, ಸತ್ತ ನಾಯಿ, ಬಾಟಲಿಯ ಚೂರು, ಊರಿನ ಮೋರಿಯ ಹೊಲಸು. ಸಂಜೆ ಬಂದರೆ ಮೈಯೆಲ್ಲ ದದ್ದು. ವನಿತಾ ಸೀಗೆಪುಡಿ ಹಾಕಿ ಉಜ್ಜಿದರೂ ವಾಸನೆ ಹೋಗುತ್ತಿರಲಿಲ್ಲ. ಮುನಿಲಕ್ಷ್ಮಿ ಕೆಲಸಕ್ಕೆ ರಜೆ ಹಾಕಿ ಮೂರೂ ದಿನ ಗೇಟಿನ ಹತ್ತಿರ ಕಾದಳು. ಶನಿವಾರ ಸಂಜೆ ನೀರು ಬಿಟ್ಟು ನೋಡಿದರು. ಚಕ್ರ ಕಾಲು ಸುತ್ತು ತಿರುಗಿ ನಿಂತಿತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಶಾಮಿಯಾನ ಎದ್ದಿತ್ತು. ಕಾರುಗಳು ಬರತೊಡಗಿದ್ದವು. ವೇಣು ಮತ್ತೆ ಇಳಿದು ನೋಡಿ ಬಂದ. ಚಕ್ರದ ಹಲಗೆಗೂ ಗೋಡೆಗೂ ನಡುವೆ ಒಂದು ಗುಂಡುಕಲ್ಲು ಸಿಕ್ಕಿಕೊಂಡಿತ್ತು.

"ಅರ್ಧ ಗಂಟೇಲಿ ತೆಗಿ. ಅತ್ತೂವರೆಗೆ ಮುಹೂರ್ತ" ಎಂದ ಗೋಪಿ.

ವೇಣು ತಲೆಯ ಟವೆಲ್ಲನ್ನು ತಿರುಪಿಗೆ ಎರಡು ಗಂಟು ಹಾಕಿ ಕಟ್ಟಿದ. "ನೋಡ್ಕೊಳಕ್ಕ" ಎಂದು ಹಾರೆ ಹಿಡಿದು ಹನ್ನೊಂದು ಕಲ್ಲುಮೆಟ್ಟಿಲು ಇಳಿದುಹೋದ. ಕೆಳಗಿನಿಂದ ಹಾರೆ ಕಲ್ಲಿಗೆ ಬೀಳುವ ಸದ್ದು ಕೇಳುತ್ತಿತ್ತು. ಮುನಿಲಕ್ಷ್ಮಿ ಆ ಸದ್ದಿಗೇ ಕಿವಿ ಕೊಟ್ಟು ನಿಂತಳು.

ಹತ್ತೂಕಾಲಿಗೆ ನಾದಸ್ವರ, ಡೋಲು ಶುರುವಾದವು. ಆಮೇಲೆ ಹಾರೆಯ ಸದ್ದು ಕೇಳಿಸಲಿಲ್ಲ. ಗೋಪಿ ರೇಷ್ಮೆ ಪಂಚೆಯಲ್ಲಿ ಪೂಜೆಯ ತಟ್ಟೆಯೊಂದಿಗೆ ಬಂದ. ಹಿಂದೆ ಪೂಜಾರಿ, ಅವರ ಹಿಂದೆ ಫೋಟೋದವರು.

"ಏಯ್, ನೀನಿಲ್ಲಿ ಯಾಕ್ ನಿಂತಿದ್ದೀಯ? ಫೋಟೋಗೆ ಅಡ್ಡ ಆಯ್ತದೆ. ಇಂದಕ್ಕೋಗು."

"ತಮ್ಮ ಒಳಗವ್ನೆ ಗೋಪಣ್ಣ. ಅವ್ನು ಬರೋಗಂಟ ನಾನು ಅಲುಗಾಡಂಗಿಲ್ಲ. ನಿಮ್ಗೇ ಗೊತ್ತಲ್ಲ."

ಗೋಪಿ ಕಣ್ಸನ್ನೆ ಮಾಡಿದ. ಡ್ರೈವರೂ ಮತ್ತೊಬ್ಬನೂ ಅವಳ ರಟ್ಟೆ ಹಿಡಿದು ಶಾಮಿಯಾನದ ಹಿಂದಕ್ಕೆ, ಅಡುಗೆಯ ಪಾತ್ರೆ ತೊಳೆಯುವಲ್ಲಿಗೆ ಎಳೆದುಕೊಂಡು ಹೋದರು. ಬಟ್ಟೆಯ ಸಂದಿಯಲ್ಲಿ ಗೇಟು ಕಾಣುತ್ತಿತ್ತು. ಪೂಜಾರಿ ಟವೆಲ್ ತೋರಿಸಿ ಏನೋ ಹೇಳಿದ. ಗೋಪಿ ಕೈಯಲ್ಲಿ ಮುಟ್ಟಲಿಲ್ಲ. ಒಂದು ಕೋಲು ತರಿಸಿ, ಗಂಟು ಸಡಿಲಿಸಿ, ಟವೆಲ್ಲನ್ನು ಮೋರಿಗೆ ಎತ್ತಿ ಎಸೆದ.

ಮುನಿಲಕ್ಷ್ಮಿ ಕಿರುಚಿದಳು. ಡ್ರೈವರು ಬಾಯಿ ಒತ್ತಿ ಹಿಡಿದ. ಅವನ ಅಂಗೈಯನ್ನು ಮೂಳೆಯವರೆಗೆ ಕಚ್ಚಿದಳು. "ಒಳಗವ್ನೆ! ಒಳಗೆ ನನ್ ತಮ್ಮ ಅವ್ನೇ!" ಡೋಲಿನವನು ಇನ್ನೂ ಜೋರಾಗಿ ಬಾರಿಸಿದ. ಮುಂದಿನ ಸಾಲಿನಲ್ಲಿದ್ದ ಗೋಪಿಯ ಚಿಕ್ಕಪ್ಪ ಎದ್ದು, "ವೇಣು ಮ್ಯಾಕ್ ಬಂದ್ನೇನೋ?" ಎಂದು ಕೇಳಿದ. "ಬಂದಿರ್ತಾನೆ, ಮುಹೂರ್ತ ಮೀರ್ತದೆ" ಎಂದ ಗೋಪಿ. ಕಾಯಿ ಒಡೆಯಿತು. ಗೋಪಿ ಎರಡೂ ಕೈಯಲ್ಲಿ ತಿರುಪು ತಿರುವಿದ.

ಕೆರೆಯ ನೀರು ಗುಡುಗಿಕೊಂಡು ಬಂತು. ಚಕ್ರ ಅಲುಗಿತು, ತಿರುಗಿತು. ಒಂದು ಸುತ್ತು. ಜನ ಚಪ್ಪಾಳೆ ತಟ್ಟಿದರು. ಎರಡನೇ ಸುತ್ತಿನ ಅರ್ಧಕ್ಕೆ ತೇಗದ ಹಲಗೆ ಕಟಕಟ ಎಂದು ಮುರಿಯುವ ಸದ್ದಾಯಿತು. ಮುರಿದದ್ದು ಹಲಗೆ ಮಾತ್ರವಲ್ಲ. ಚಕ್ರ ನಡುಗಿ ನಿಂತಿತು. ಗುಂಡಿಯಿಂದ ಕೆಂಪು ನೀರು ಉಕ್ಕಿ ಕಾಲುವೆಗೆ ಹರಿಯಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಕುಂಕುಮದ ನೀರೆಂದುಕೊಂಡು ವಿಡಿಯೋ ಮಾಡುತ್ತಲೇ ಇದ್ದಳು. ಹಲಗೆಗಳ ನಡುವೆ ಒಂದು ಕಾಲು ಮೇಲಕ್ಕೆ ಬಂತು. ಹಿಮ್ಮಡಿಗೆ ಹಳದಿ ಬಣ್ಣ ಮೆತ್ತಿತ್ತು. ಇತಿಹಾಸದ ಗೋಡೆಗೆ ಬಣ್ಣ ಹೊಡೆದವನೂ ವೇಣುವೇ.

ಹತ್ತು ನಿಮಿಷದಲ್ಲಿ ಒಂದು ಕಾರೂ ಉಳಿಯಲಿಲ್ಲ. ಪೂಜಾರಿ ತಟ್ಟೆ ಬಿಟ್ಟು ಓಡಿದ. ಗೇಟು ಮುಚ್ಚಿ ನೀರು ಇಳಿಯುವ ಹೊತ್ತಿಗೆ ಕೇರಿಗೆ ಕೇರಿಯೇ ಬಂದು ನಿಂತಿತ್ತು. ವನಿತಾ ಮುದ್ದೆ ಕಟ್ಟುತ್ತಿದ್ದವಳು ಕೈಗೆ ಮೆತ್ತಿದ ರಾಗಿಹಿಟ್ಟಿನಲ್ಲೇ ಓಡಿಬಂದಳು. ಗುಂಡಿಯೊಳಗೆ ಇಣುಕಿ ಅಲ್ಲೇ ಕುಸಿದಳು.

ಗೋಪಿಯ ಮುಖದಲ್ಲಿ ರಕ್ತವಿರಲಿಲ್ಲ. "ಬಂದವ್ನೆ ಅಂದ್ಕೊಂಡೆ ಕಣ್ರಪ್ಪ... ಮೊದ್ಲು ಎತ್ರಿ. ಮುನ್ನಾರಾಯ್ಣಪ್ಪ, ಎತ್ತಪ್ಪ ಮೊದ್ಲು. ಏನ್ ಬೇಕೋ ಆಮೇಲ್ ಮಾತಾಡನ."

ಎಪ್ಪತ್ತು ದಾಟಿದ ಮುನಿನಾರಾಯಣಪ್ಪ ಮುಂದೆ ಬಂದ. ಅಂಗಿ ಬಿಚ್ಚಿದ. ಪಂಚೆ ಕಚ್ಚೆ ಹಾಕಿದ. ಹಗ್ಗ ಎಲ್ಲಿ ಎಂದು ಸುತ್ತ ನೋಡಿದ. ನೂರು ವರ್ಷದ ಅಭ್ಯಾಸ ಆ ಮುದಿ ಮೈಯನ್ನು ತಾನಾಗಿ ನಡೆಸುತ್ತಿತ್ತು. ಮೊದಲ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಮುನಿಲಕ್ಷ್ಮಿ ನೆಲಕ್ಕೆ ಬಿದ್ದು ಅವನ ಕಾಲನ್ನು ತಬ್ಬಿ ಹಿಡಿದಳು.

"ಇಳೀಬ್ಯಾಡ ನಾಯ್ನಾ."

"ಬಿಡಮ್ಮಿ. ನನ್ ಮಗ ಅವ್ನು."

"ಅದುಕ್ಕೇ ಇಳೀಬ್ಯಾಡ. ಅವತ್ತು ಮಾರಿಯಮ್ಮನ ಕೈಲೇ ಎತ್ಸಿದ್ರು. ತೊಳ್ಸಿದ್ರು. ಸಾಯಂಕಾಲುಕ್ಕೆ ತಿರುಗಿಸ್ಕಂಡ್ರು. ಇವತ್ತು ನಮ್ಮೋರು ಯಾರೂ ಎತ್ತಲ್ಲ."

"ಬಿಸ್ಲಲ್ಲಿ ಕೊಳೆತೋಯ್ತಾನಲ್ಲೇ!" ಮುದುಕ ಎದೆಯ ಮೇಲೆ ಗುದ್ದಿಕೊಂಡ. ಕೂತ. ಮತ್ತೆ ಏಳಲಿಲ್ಲ.

ಮುನಿಲಕ್ಷ್ಮಿ ವನಿತಾಳ ಹತ್ತಿರ ಹೋಗಿ ಗಲ್ಲ ಹಿಡಿದಳು. "ನಿನ್ ಗಂಡ. ನೀನೇಳು. ಎತ್ತು ಅಂದ್ರೆ ಈಗ್ಲೇ ನಾನೇ ಇಳೀತೀನಿ."

ವನಿತಾ ಕೈಗೆ ಮೆತ್ತಿದ ರಾಗಿಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಹೇಳಿದಳು, "ಸಾಯ್ಸಿದೋನೇ ಎತ್ಲಿ ಅತ್ಗೆ."

ಕೇರಿಯ ಹೆಂಗಸರು ಮೆಟ್ಟಿಲಿಗೆ ಅಡ್ಡಲಾಗಿ ಕೂತರು. ಗಂಡಸರು ಅವರ ಹಿಂದೆ ನಿಂತರು.

ಗೋಪಿಯ ಕಡೆಯವರು ಮೊದಲು ಬೇಡಿಕೊಂಡರು, ಆಮೇಲೆ ಬೈದರು. ಹನ್ನೆರಡಕ್ಕೆ ದೊಣ್ಣೆ ಹಿಡಿದು ಬಂದರು. ಡ್ರೈವರು ಬೀಸಿದ ಏಟು ಮುನಿನಾರಾಯಣಪ್ಪನ ತಲೆಗೆ ಬಿದ್ದು ರಕ್ತ ಕಿವಿಯಿಂದ ಇಳಿಯಿತು. ಒಬ್ಬ ಹೆಂಗಸಿನ ಮುಂಗೈ ಮುರಿಯಿತು. ಮುನಿಲಕ್ಷ್ಮಿಯ ಬೆನ್ನಿಗೆ ನಾಲ್ಕು ಬಿತ್ತು. ಅವಳು ತಿರುಗಿ ಒಂದು ದೊಣ್ಣೆಯನ್ನು ಕಿತ್ತು, ಹೊಡೆದವನ ಮೊಣಕಾಲಿಗೇ ಬಾರಿಸಿದಳು. ಮೂಳೆ ಒಡೆದ ಸದ್ದು ಕೇಳಿ ಅವಳಿಗೆ ಸಂತೋಷವಾಯಿತು. ಸುಳ್ಳೇಕೆ, ಸಂತೋಷವೇ ಆಯಿತು. ಯಾರೂ ಜಾಗ ಬಿಡಲಿಲ್ಲ.

ಪೊಲೀಸರು ಬಂದರು. ಇನ್‌ಸ್ಪೆಕ್ಟರು ಗುಂಡಿ ನೋಡಿ ಮೂಗಿಗೆ ಕರ್ಚೀಫು ಇಟ್ಟುಕೊಂಡ. "ಕಾಲು ಜಾರಿ ಬಿದ್ದಿದ್ದಾನೆ. ಬಾಡಿ ತೆಗೀರಿ, ಪೋಸ್ಟ್‌ಮಾರ್ಟಂ ಆಗಲಿ. ಹಠ ಮಾಡಿದ್ರೆ ನಿಮ್ ಮೇಲೇ ಕೇಸ್ ಹಾಕ್ತೀನಿ."

"ಆಕು" ಎಂದಳು ಮುನಿಲಕ್ಷ್ಮಿ.

ಅವನು ಫೋನು ಮಾಡಿ ಕೆಜಿಎಫ್‌ನಿಂದ ಪೌರಕಾರ್ಮಿಕರನ್ನು ಕರೆಸಿದ. ಗಾಡಿಯಿಂದ ನಾಲ್ಕು ಜನ ಇಳಿದರು. ಮುಂದಾಳು ಪೆರುಮಾಳ್ ನಂದಿದುರ್ಗ ಗಣಿಯ ಕೂಲಿಗಳ ಲೈನುಮನೆಯವನು. ಗಣಿ ಕುಸಿದಾಗ ಅಪ್ಪನ ಹೆಣಕ್ಕಾಗಿ ಮೂರು ದಿನ ಬಾವಿಯ ಬಾಯಲ್ಲಿ ಕಾದವನು. ಮೆಟ್ಟಿಲಿಗೆ ಅಡ್ಡ ಕೂತ ಹೆಂಗಸರನ್ನು ನೋಡಿದ, ಕೆಳಗಿನ ಕಾಲನ್ನು ನೋಡಿದ. ಕೇಳಿ ತಿಳಿದುಕೊಂಡ. ಕೈಗವಸು ಬಿಚ್ಚಿದ.

"ಅಕ್ಕಾ ಸೊಲ್ಲಾಮ ನಾನ್ ತೊಡಮಾಟ್ಟೇನ್ ಸಾರ್" ಎಂದ. ಆಮೇಲೆ ಕನ್ನಡದಲ್ಲಿ, "ಅಕ್ಕ ಏಳ್ದೆ ನಾನ್ ಮುಟ್ಟಲ್ಲ. ಕೆಲ್ಸ ತೆಗೆದ್ರೆ ತೆಗೀರಿ." ಬಂದು ಮುನಿಲಕ್ಷ್ಮಿಯ ಪಕ್ಕದಲ್ಲಿ ಕೂತ. ಉಳಿದ ಮೂವರೂ ಕೂತರು.

ಬಿಸಿಲು ಏರಿತು. ನೊಣಗಳು ಬಂದವು. ಕಾಗೆಯೊಂದು ಚಕ್ರದ ಮೇಲೆ ಬಂದು ಕೂತಿತು, ಮುನಿಲಕ್ಷ್ಮಿ ಕಲ್ಲೆಸೆದು ಓಡಿಸಿದಳು. ಮತ್ತೆ ಬಂತು, ಮತ್ತೆ ಎಸೆದಳು. ಎದ್ದು ಹೋಗಿ ತಮ್ಮನನ್ನು ಎತ್ತಿ ಮಡಿಲಿಗೆ ಹಾಕಿಕೊಳ್ಳಬೇಕೆಂದು ಅವಳ ಕರುಳು ಕಿತ್ತು ಬರುತ್ತಿತ್ತು. ಎರಡು ವರ್ಷದ ಕೂಸನ್ನು ಅವ್ವ ಅವಳ ಕೈಗೆ ಕೊಟ್ಟು ಸತ್ತಿದ್ದಳು. ಅವನ ಕುಂಡೆ ತೊಳೆದವಳು, ತುತ್ತು ತಿನ್ನಿಸಿದವಳು ಅವಳೇ. ಈಗ ಕೈಗೆ ಸಿಗುವಷ್ಟು ದೂರದಲ್ಲಿ ಅವನು ನೊಣಕ್ಕೆ ಬಿದ್ದಿದ್ದಾನೆ, ಅವಳು ಕೂತಿದ್ದಾಳೆ. ಕೂತಿರುವುದೇ ಅವಳು ಆ ತನಕ ಮಾಡಿದ ಕೆಲಸಗಳಲ್ಲೆಲ್ಲ ಕಷ್ಟದ್ದಾಗಿತ್ತು.

ಮುಂದಿನ ಸಾಲಿನ ಆ ಹೆಂಗಸು ಪೂಜೆಯಿಂದಲೇ ಹಿಡಿದಿದ್ದ ವಿಡಿಯೋ ಅಷ್ಟರಲ್ಲಿ ಫೋನಿನಿಂದ ಫೋನಿಗೆ ಓಡಿತ್ತು. ಗೋಪಿ ಕೋಲಿನಿಂದ ಟವೆಲ್ ಎಸೆಯುವುದು ಅದರಲ್ಲಿತ್ತು. ಡೋಲಿನ ನಡುವೆ "ಒಳಗವ್ನೆ" ಎಂಬ ಕೂಗೂ ಇತ್ತು. ಚಿಕ್ಕಪ್ಪ ಕೇಳಿದ್ದೂ, ಗೋಪಿ ಹೇಳಿದ್ದೂ ಇತ್ತು. ಮೂರು ಗಂಟೆಗೆ ಕಾಮಸಮುದ್ರದ ಕಡೆಯಿಂದ, ಕ್ಯಾಸಂಬಳ್ಳಿಯ ಕಡೆಯಿಂದ ಬೈಕುಗಳಲ್ಲಿ, ಟೆಂಪೋಗಳಲ್ಲಿ ಕೇರಿಗಳ ಜನ ಬಂದರು. ಆರು ನೂರು, ಏಳು ನೂರು. ಕೇರಿಯ ದಾರಿಯ ಕಲ್ಲು ಕಂಬಗಳನ್ನು ಕಿತ್ತೇ ಒಳಗೆ ಬಂದರು. ಗೋಪಿಯ ಕಡೆಯವರ ದೊಣ್ಣೆಗಳು ಒಂದೊಂದಾಗಿ ಕಾಣದಾದವು. ಇನ್‌ಸ್ಪೆಕ್ಟರು ನಾಲ್ಕು ಸಲ ಫೋನಿನಲ್ಲಿ ಮಾತಾಡಿದ, ನಾಲ್ಕನೇ ಸಲ ಬರೀ "ಎಸ್ ಸರ್" ಎಂದ.

"ಏನಮ್ಮಾ ನಿಮ್ಮ ಬೇಡಿಕೆ?"

"ಮೊದ್ಲು ಬರ್ಕೊ. ಜಾರಿ ಬಿದ್ದ ಅಂತಲ್ಲ. ನೀರು ಬಿಟ್ಟು ಸಾಯ್ಸಿದ ಅಂತ ಬರ್ಕೊ, ಎಸ್ರಾಕು. ಆಮೇಲೆ ಅವ್ನು ಇಳ್ದು ಎತ್ಲಿ."

ಬರೆದುಕೊಂಡ. ಅವಳು ಓದಿದಳು. ಅಕ್ಷರ ಅಕ್ಷರ ಓದಿದಳು.

ಗೋಪಿ ಚಿಕ್ಕಪ್ಪನ ಮುಖ ನೋಡಿದ. "ಇಳಿಯೋ, ಮುಗ್ಸು. ಮನೆಗೆ ಬೆಂಕಿ ಬೀಳ್ತದೆ" ಎಂದ ಚಿಕ್ಕಪ್ಪ. ಗೋಪಿ ಮುನಿಲಕ್ಷ್ಮಿಯ ಕಡೆ ತಿರುಗಿದ. "ಮುನಿಲಕ್ಷ್ಮಮ್ಮ, ನಂಗೆ ಆಗಲ್ಲಮ್ಮಾ." ಅಮ್ಮ ಎಂದು ಅವನ ಮನೆತನದವರು ಕೇರಿಯ ಹೆಂಗಸನ್ನು ಕರೆದದ್ದು ಅದೇ ಮೊದಲು.

"ಇಳಿ" ಎಂದಳು.

ಅವನ ಆಳುಗಳು ಚಕ್ರಕ್ಕೆ ಹೆಗಲು ಕೊಟ್ಟು ಹಿಂದಕ್ಕೆ ತಳ್ಳಿ ಹಿಡಿದರು. ಗೋಪಿ ರೇಷ್ಮೆ ಪಂಚೆಯಲ್ಲೇ ಇಳಿದ. ಸೊಂಟದವರೆಗೆ ಕೆಸರು ನೀರು. ಮೊದಲು ವಾಂತಿ ಮಾಡಿಕೊಂಡ. ಕಾಲು ಹಿಡಿದು ಜಗ್ಗಿದ.

"ಕಾಲ್ ಇಡ್ದು ಎಳೀಬ್ಯಾಡ!" ಮುನಿಲಕ್ಷ್ಮಿ ಮೇಲಿನಿಂದ ಕೂಗಿದಳು. "ದನ ಅಲ್ಲ ಅದು. ಕಂಕುಳಾಗೆ ಕೈ ಆಕು. ತಲೆ ಇಡ್ಕೊ. ತಲೆ ಇಡ್ಕೊ ಅಂದೆ!"

ಅವನು ತಲೆ ಹಿಡಿದುಕೊಂಡ. ಅಳುತ್ತಿದ್ದ. ಮುರಿದ ಮೈಯನ್ನು ಎದೆಗೆ ಒತ್ತಿಕೊಂಡು ಹನ್ನೊಂದು ಮೆಟ್ಟಿಲು ಹತ್ತಿದ. ಐದನೆಯದರಲ್ಲಿ ಮಂಡಿಯೂರಿದ. ಯಾರೂ ಕೈ ಕೊಡಲಿಲ್ಲ. ಮತ್ತೆ ಎದ್ದು ಹತ್ತಿ ಬಂದು ವೇಣುವನ್ನು ವನಿತಾಳ ಮುಂದೆ ಮಲಗಿಸಿದ. ಮುನಿನಾರಾಯಣಪ್ಪ ತೆವಳಿ ಬಂದು ಮಗನ ಪಾದದ ಮೇಲೆ ಹಣೆ ಇಟ್ಟ. ಇಡೀ ಜನ ಒಮ್ಮೆಗೇ ಗೋಳಾಡಿತು.

ಗೋಪಿ ಕೆಸರು, ರಕ್ತ ಸುರಿಯುತ್ತಾ ತನ್ನವರ ಕಡೆ ನಡೆದ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಅತ್ರ ಬರ್ಬ್ಯಾಡ ಕಣೋ" ಎಂದ ಚಿಕ್ಕಪ್ಪ. "ಮುಟ್ಟುದ್ಯಲ್ಲ. ಅಲ್ಲೇ ನಿಂತ್ಕೊ."

ಗೋಪಿ ಅಲ್ಲೇ ನಿಂತ. ಒಂದು ಕಡೆ ಕೇರಿ, ಒಂದು ಕಡೆ ಅವನ ಮನೆಯವರು. ನಡುವೆ ಅವನೊಬ್ಬ. ಬಾಯಿಗೆ ಹೋದ ಕೆಸರನ್ನು ಉಗುಳಲು ನೋಡಿದ, ಆಗಲಿಲ್ಲ.

"ನೀರು" ಎಂದ. "ಒಸಿ ನೀರು ಕೊಡ್ರಿ."

ಅವನ ಕಡೆಯವರು ಯಾರೂ ಅಲುಗಾಡಲಿಲ್ಲ. ಅವನು ಈ ಕಡೆ ತಿರುಗಿದ. ಪೆರುಮಾಳ್ ಗಾಡಿಯಿಂದ ತಂದಿದ್ದ ನೀರಿನ ಬಾಟಲಿ ಮುನಿಲಕ್ಷ್ಮಿಯ ಕೈಯಲ್ಲಿತ್ತು. ಗೋಪಿ ಕೈ ಚಾಚಿದ. ಪೇಟೆಯ ಜನ ನೋಡುತ್ತಿದ್ದರು, ಕೇರಿಯ ಜನ ನೋಡುತ್ತಿದ್ದರು, ಪೊಲೀಸರು ನೋಡುತ್ತಿದ್ದರು.

ಮುನಿಲಕ್ಷ್ಮಿ ಬಾಟಲಿಯ ಮುಚ್ಚಳ ತೆಗೆದಳು. ತಮ್ಮನ ಪಕ್ಕದಲ್ಲಿ ಕೂತು, ಅವನ ಮುಖದ ಮೇಲೆ ನಿಧಾನವಾಗಿ ಸುರಿದಳು. ಕಣ್ಣಿನ ಕೆಸರು ತೆಗೆದಳು, ಮೂಗಿನದು ತೆಗೆದಳು, ಚಪ್ಪಲಿ ಏಟಿಗೆ ಸೀಳಿದ ತುಟಿಯನ್ನು ತೊಳೆದಳು. ಬಾಟಲಿ ಖಾಲಿಯಾಗುವ ತನಕ ತೊಳೆದಳು.